ನದಿಯ ಪೂರವೂ ಕಲ್ಲಿನ ಬರಹವೂ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ದರ್ಶನಶಾಸ್ತ್ರ, ಇತಿಹಾಸ, ಪುರಾತನ ಕಾಲದ ಮಳೆಬೆಳೆಗಳ ಅನ್ವೇಷಣೆ ಎಂಬ ಮೂರನ್ನು ಒಂದೇ ಉಪನ್ಯಾಸದಲ್ಲಿ ತರುವುದು ಮೂರು ಎತ್ತುಗಳನ್ನು ಒಂದು ನೊಗಕ್ಕೆ ಹೂಡಿದಂತೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ದಾವಣಗೆರೆ-ಹರಿಹರದ ಈ ಸೀಮೆಯಲ್ಲಿ ನಿಂತು ನೋಡಿದವನಿಗೆ ಅವು ಮೂರೂ ಒಂದೇ ನದಿಯ ದಡದಲ್ಲಿ ದೊರೆಯುತ್ತವೆ. ಹರಿಹರದಲ್ಲಿ ತುಂಗಭದ್ರೆಯಿದೆ, ಆಕೆಯ ದಡದಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಿದೆ, ಆ ಗುಡಿಯ ಆವರಣದಲ್ಲಿ ಶಿಲಾಶಾಸನಗಳಿವೆ. ಇನ್ನು ದರ್ಶನಶಾಸ್ತ್ರವೆಲ್ಲಿ ಎಂದರೆ, ಆ ನದಿಯನ್ನು ನೋಡಿ ನಾವು ಆಡುವ ಮಾತಿನಲ್ಲಿಯೇ ಇದೆ. ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

ಗೌತಮನ ನ್ಯಾಯಸೂತ್ರಗಳಲ್ಲಿ ಅನುಮಾನವು ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ ಎಂದು ಮೂರು ವಿಧವಾಗಿ ಹೇಳಲ್ಪಟ್ಟಿದೆ. ಭಾಷ್ಯಕಾರನಾದ ವಾತ್ಸ್ಯಾಯನನು ಕೊಡುವ ದೃಷ್ಟಾಂತಗಳು ನಮ್ಮ ರೈತನ ಬಾಯಿಂದ ಬಂದಂತಿವೆ. ಮೋಡವೆದ್ದುದನ್ನು ಕಂಡು ಮಳೆಯಾಗುವುದೆಂದು ತಿಳಿಯುವುದು ಪೂರ್ವವತ್. ನದಿಯು ಮೊದಲಿನಂತಿರದೆ ತುಂಬಿ ರಭಸದಿಂದ ಹರಿಯುವುದನ್ನು ಕಂಡು ಮೇಲ್ಗಡೆ ಮಳೆಯಾಯಿತೆಂದು ತಿಳಿಯುವುದು ಶೇಷವತ್. ಒಂದರಲ್ಲಿ ಕಾರಣದಿಂದ ಕಾರ್ಯಕ್ಕೆ ಹೋಗುತ್ತೇವೆ, ಇನ್ನೊಂದರಲ್ಲಿ ಕಾರ್ಯದಿಂದ ಕಾರಣಕ್ಕೆ ಹಿಂದಿರುಗುತ್ತೇವೆ. ಆಷಾಢದಲ್ಲಿ ಹರಿಹರದ ಸೇತುವೆಯ ಮೇಲೆ ನಿಂತು, ಕೆಂಪಾದ ನೀರನ್ನು ನೋಡಿ, "ಮಲೆನಾಡಿನಲ್ಲಿ ಮಳೆ ಹಿಡಿದಿದೆ" ಎನ್ನುವವನು ತಾನರಿಯದೆಯೇ ನೈಯಾಯಿಕನು.

ಈ ಅನುಮಾನವನ್ನು ಪ್ರತಿವಾದಿಯು ಸುಮ್ಮನೆ ಬಿಡಲಿಲ್ಲ. ಅದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಅವನ ಆಕ್ಷೇಪವಿದೆ: ಎಲ್ಲಿಯೋ ನೀರಿಗೆ ಅಡ್ಡಕಟ್ಟು ಬಿದ್ದರೂ ನದಿಯು ತುಂಬುತ್ತದೆ; ಗೂಡು ಕೆಟ್ಟರೂ ಇರುವೆಗಳು ಮೊಟ್ಟೆಗಳನ್ನು ಹೊತ್ತು ಹೊರಡುತ್ತವೆ; ಮನುಷ್ಯನೂ ನವಿಲಿನಂತೆ ಕೂಗಬಲ್ಲನು; ಆದ ಕಾರಣ ಇವುಗಳಿಂದ ಮಳೆಯನ್ನು ಊಹಿಸುವುದು ಪ್ರಮಾಣವಲ್ಲ. ಸಿದ್ಧಾಂತಿಯ ಸಮಾಧಾನವು ಬಹಳ ಸೂಕ್ಷ್ಮವಾದುದು. ಮಳೆಯಿಂದ ಬಂದ ಪೂರಕ್ಕೆ ಬೇರೆಯೇ ಲಕ್ಷಣವುಂಟು; ಅದು ರಭಸವಾಗಿ ಹರಿಯುತ್ತದೆ, ನೊರೆಯೇಳುತ್ತದೆ, ಹಣ್ಣು ಎಲೆ ಕಟ್ಟಿಗೆಗಳನ್ನು ತೇಲಿಸಿಕೊಂಡು ಬರುತ್ತದೆ. ನೀರು ಹೆಚ್ಚಿತೆಂಬ ಒಂದೇ ಅಂಶವನ್ನು ಹಿಡಿದು ಹೊರಟವನ ದೋಷವು ನೋಡಿದವನದೇ ಹೊರತು ಅನುಮಾನದ್ದಲ್ಲ.

ಪ್ರತಿವಾದಿಯ ಆಕ್ಷೇಪವು ನಮ್ಮ ಸೀಮೆಯಲ್ಲಿ ಅಕ್ಷರಶಃ ನಿಜವಾಗಿದೆ. ಲಕ್ಕವಳ್ಳಿಯಲ್ಲಿ ಭದ್ರಾನದಿಗೆ ಕಟ್ಟಿದ ಅಣೆಕಟ್ಟು 1965ರಲ್ಲಿ ಮುಗಿಯಿತು. ಅದರ ನಾಲೆಗಳಿಂದಲೇ ದಾವಣಗೆರೆಯ ಸುತ್ತಲಿನ ಭೂಮಿಯಲ್ಲಿ ಭತ್ತ ನಲಿಯುತ್ತಿದೆ. ಈಗ ಹರಿಹರದಲ್ಲಿ ನೀರೇರಿದರೆ ಮಳೆಯಾಯಿತೋ, ಅಣೆಯ ತೂಬು ತೆರೆಯಿತೋ ಎಂದು ಕೇಳಿಕೊಳ್ಳಬೇಕಾಗಿದೆ. ಇನ್ನೊಂದು ತೊಡಕೂ ಉಂಟು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವಾಗ ದಾವಣಗೆರೆಯಲ್ಲಿ ಅದರ ಹತ್ತನೆಯ ಒಂದು ಪಾಲು ಬಿದ್ದರೂ ರೈತನಿಗೆ ಸಂತೋಷವೇ. ನದಿಯು ತುಂಬಿ ಹರಿಯುತ್ತಿರಲು ಅದರ ದಡದಿಂದ ಎರಡು ಹರಿದಾರಿ ದೂರದ ಜೋಳದ ಹೊಲ ಒಣಗಬಹುದು. ವಾತ್ಸ್ಯಾಯನನು "ಮೇಲ್ಗಡೆ" ಮಳೆಯಾಯಿತೆಂದನೇ ವಿನಾ ಇಲ್ಲಿ ಆಯಿತೆನ್ನಲಿಲ್ಲ.

ಈಗ ಕಲ್ಲಿನ ಬರಹಕ್ಕೆ ಬರೋಣ. ರೈಸ್ ಮಹಾಶಯರ ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಶಾಸನಗಳ ಸಾಲಿನಲ್ಲಿ ಹರಿಹರದವೂ ಅಚ್ಚಾಗಿವೆ. ಅವುಗಳಲ್ಲಿ ಎರಡು ನನ್ನ ವಿಷಯಕ್ಕೆ ಬೇಕಾದವು. ಸೂಳೆಕೆರೆಯಿಂದ, ಎಂದರೆ ಇಂದಿನ ಶಾಂತಿಸಾಗರದಿಂದ, ಹೊರಟು ಹರಿಹರದ ಬಳಿ ತುಂಗಭದ್ರೆಯನ್ನು ಸೇರುವ ಹರಿದ್ರಾ ಎಂಬ ಹೊಳೆಗೆ ಒಂದನೆಯ ದೇವರಾಯನ ಆಳ್ವಿಕೆಯಲ್ಲಿ, 1410ರಲ್ಲಿ, ಅಣೆ ಕಟ್ಟಿ ಕಾಲುವೆ ತೆಗೆದು, ಆ ನೀರುಣ್ಣುವ ಭೂಮಿಯಲ್ಲಿ ದೇವರ ಪಾಲೆಷ್ಟು, ಕಟ್ಟಿದವರ ಪಾಲೆಷ್ಟು ಎಂದು ಗೊತ್ತುಮಾಡಿದ ಒಪ್ಪಂದವು ಒಂದರಲ್ಲಿದೆ. ಆ ಅಣೆಯು ಒಡೆದುಹೋದುದೂ, ಅದನ್ನು ಮತ್ತೆ ಕಟ್ಟಿಸಿದುದೂ 1424ರ ಇನ್ನೊಂದು ಶಾಸನದಲ್ಲಿದೆ.

ಇತಿಹಾಸಕಾರನಿಗೆ ಇಲ್ಲಿ ಪ್ರಲೋಭನೆ ಬಹಳ. 1396ರಿಂದ ಸುಮಾರು ಹನ್ನೆರಡು ವರ್ಷಗಳ ಪರ್ಯಂತ ದಖ್ಖಣವನ್ನು ದುರ್ಗಾದೇವಿಯ ಬರವು ಕಾಡಿತೆಂದು ಪ್ರಸಿದ್ಧಿಯಿದೆ. ಬರ ಮುಗಿದ ಬೆನ್ನಿಗೇ ಅಣೆ ಕಟ್ಟಿದರು. ಆದ ಕಾರಣ ಬರವೇ ಅಣೆಗೆ ಕಾರಣ. ಹದಿನಾಲ್ಕು ವರ್ಷಗಳ ನಂತರ ಅಣೆ ಒಡೆಯಿತು. ಆದ ಕಾರಣ ಆಗ ಅತಿವೃಷ್ಟಿ. ಕೇಳಲು ಎಷ್ಟು ಇಂಪಾಗಿದೆ! ಆದರೆ ನಮ್ಮ ಪ್ರತಿವಾದಿಯು ಇಲ್ಲಿಗೂ ಬಂದು ಬಾಗಿಲಲ್ಲಿ ನಿಂತಿದ್ದಾನೆ. ಬರವಿಲ್ಲದೆಯೂ ಅಣೆ ಕಟ್ಟುವರಷ್ಟೆ? ಅದೇ ದೇವರಾಯನು ತುಂಗಭದ್ರೆಗೆ ಅಡ್ಡಕಟ್ಟೆ ಹಾಕಿಸಿ ರಾಜಧಾನಿಗೆ ನೀರು ತರಿಸಿದವನು. ನೀರಾವರಿಯಿಂದ ಆದಾಯ ಹೆಚ್ಚುವುದೆಂಬುದು ಆ ಕಾಲದ ಅರಸರಿಗೂ ದೇವಸ್ಥಾನದವರಿಗೂ ಚೆನ್ನಾಗಿ ತಿಳಿದಿತ್ತು. ಇನ್ನು ಅಣೆ ಒಡೆಯುವುದಕ್ಕೆ ಅತಿವೃಷ್ಟಿಯೇ ಬೇಕೆಂಬ ನಿಯಮವಿಲ್ಲ; ಹದಿನಾಲ್ಕು ವರ್ಷ ಹೂಳು ತೆಗೆಯದೆ, ಬಿರುಕು ಮುಚ್ಚದೆ ಬಿಟ್ಟರೆ ಸಾಧಾರಣ ಮಳೆಯೇ ಸಾಕು. ಶಾಸನವು ಹಕ್ಕನ್ನು ಸ್ಥಾಪಿಸಲು ಬರೆಯಲ್ಪಟ್ಟುದು, ಮಳೆಯನ್ನು ಅಳೆಯಲು ಅಲ್ಲ. ಸಾಕ್ಷಿಯು ಯಾವ ವ್ಯಾಜ್ಯಕ್ಕೆ ಕರೆಯಲ್ಪಟ್ಟನೋ ಅದರಲ್ಲಿ ಅವನ ಮಾತು ಗಟ್ಟಿ. ಬೇರೆ ವ್ಯಾಜ್ಯದಲ್ಲಿ ಅವನನ್ನು ಮತ್ತೊಬ್ಬ ಸಾಕ್ಷಿಯೊಡನೆ ನಿಲ್ಲಿಸಿ ಕೇಳಬೇಕು.

ಆ ಮತ್ತೊಬ್ಬ ಸಾಕ್ಷಿಯನ್ನು ಪುಸ್ತಕಗಳಲ್ಲಿ ಹುಡುಕಿದರೆ ಒಂದು ವಿಚಿತ್ರ ಗೋಚರಿಸುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯಾಗಲಿ, ನಮ್ಮ ಕನ್ನಡದಲ್ಲಿ ಸುಮಾರು 1300ರಲ್ಲಿ ರಟ್ಟಕವಿಯು ರಚಿಸಿದ ರಟ್ಟಮತವಾಗಲಿ, ಮಳೆಯ ಲಕ್ಷಣಗಳನ್ನು ಬೇಕಾದಷ್ಟು ಹೇಳುತ್ತವೆ. ಇವೆಲ್ಲವೂ ಮುಂದೆ ಬರುವ ಮಳೆಯ ಮಾತು, ಎಂದರೆ ಪೂರ್ವವತ್. ಬಿದ್ದುಹೋದ ಮಳೆಯನ್ನು ವರ್ಷವರ್ಷವೂ ಬರೆದಿಟ್ಟವರು ವಿರಳ. ಕೌಟಿಲ್ಯನು ಉಗ್ರಾಣದಲ್ಲಿ ಮಳೆಯಳೆಯುವ ಪಾತ್ರೆಯನ್ನಿಡಲು ವಿಧಿಸಿದ್ದಾನೆ. ಅಳೆದ ಲೆಕ್ಕದ ಓಲೆಗಳು ಮಾತ್ರ ನಮ್ಮ ಕೈಸೇರಲಿಲ್ಲ.

ಮನುಷ್ಯನು ಬರೆಯದ ಲೆಕ್ಕವನ್ನು ಪ್ರಕೃತಿಯು ಬರೆದಿಟ್ಟಿದೆಯೆಂಬುದು ಈಚಿನ ವಿಜ್ಞಾನದ ದೊಡ್ಡ ಸಂಗತಿ. ಸುಣ್ಣಕಲ್ಲಿನ ಗವಿಗಳಲ್ಲಿ ಮೇಲಿನಿಂದ ತೊಟ್ಟಿಕ್ಕುವ ನೀರಿನಿಂದ ಕಲ್ಲು ಪದರಪದರವಾಗಿ ಬೆಳೆಯುತ್ತದೆ. ಆ ನೀರಿನ ಆಮ್ಲಜನಕದಲ್ಲಿ ಹಗುರವಾದುದೂ ಭಾರವಾದುದೂ ಉಂಟು; ನಮ್ಮ ಮುಂಗಾರು ಬಲವಾದಾಗ ಭಾರವಾದುದರ ಪಾಲು ಇಳಿಯುತ್ತದೆ. ಪದರವನ್ನು ಕೆರೆದು ಈ ಪಾಲನ್ನು ಅಳೆದರೆ ಅಂದಿನ ಮಳೆಯ ಬಲಾಬಲವು ತಿಳಿಯುತ್ತದೆ. ಉತ್ತರಕನ್ನಡದ ಅಕಳಗವಿಯ ಕಲ್ಲಿನಿಂದ 331 ವರ್ಷಗಳ ಮಳೆಯ ಚರಿತ್ರೆಯನ್ನು ವಿದ್ವಾಂಸರು 2004ರಲ್ಲಿ ಪ್ರಕಟಿಸಿದರು. ಛತ್ತೀಸಗಡದ ದಂಡಕ ಗವಿಯ ಕಲ್ಲು 600ರಿಂದ 1500ರ ವರೆಗಿನ ಕಥೆಯನ್ನು ಹೇಳುತ್ತದೆ. 2007ರಲ್ಲಿ ಹೊರಬಂದ ಆ ಸಂಶೋಧನೆಯಂತೆ ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ ಮುಂಗಾರು ಮೇಲಿಂದ ಮೇಲೆ, ವರ್ಷಾನುಗಟ್ಟಳೆ, ಸೋತಿತು. ದುರ್ಗಾದೇವಿಯ ಬರವು ಕೇವಲ ಜನಶ್ರುತಿಯಲ್ಲವೆಂಬುದಕ್ಕೆ ಇದು ಬಲವಾದ ಆಧಾರ. ಹರಿಹರದ ಅಣೆಗೆ ಬರವೇ ಕಾರಣವೆನ್ನುವುದಕ್ಕೆ ಇದು ಇನ್ನೂ ಸಾಲದು. ಆದರೆ ಅಣೆ ಕಟ್ಟಿದವರು ಮಳೆಯನ್ನು ನಂಬದ ತಲೆಮಾರಿನವರೆಂದು ಹೇಳಲು ಈಗ ಧೈರ್ಯ ಬರುತ್ತದೆ.

ನಮಗೆ ಇನ್ನೂ ಸಮೀಪದ ಸಾಕ್ಷಿಯು ಚಿತ್ರದುರ್ಗದಲ್ಲಿದೆ. 1997ರ ವರೆಗೆ ದಾವಣಗೆರೆಯು ಆ ಜಿಲ್ಲೆಗೇ ಸೇರಿತ್ತಷ್ಟೆ. ಅಲ್ಲಿನ ತಿಮ್ಮಣ್ಣನಾಯಕನ ಕೆರೆಯ ಹೂಳನ್ನು ಪರೀಕ್ಷಿಸಿ, ಮಂಗಳೂರು ವಿಶ್ವವಿದ್ಯಾನಿಲಯದ ವಿದ್ವಾಂಸರು 2006ರಲ್ಲಿ 3700 ವರ್ಷಗಳ ಮುಂಗಾರಿನ ಏರಿಳಿತವನ್ನು ಬರೆದರು. ಮಳೆ ಹೆಚ್ಚಾದಾಗ ಮಣ್ಣಿನಲ್ಲಿ ಅಯಸ್ಕಾಂತಗುಣವುಳ್ಳ ಕಬ್ಬಿಣದ ಅತಿಸೂಕ್ಷ್ಮ ಕಣಗಳು ಹೆಚ್ಚಾಗಿ ಹುಟ್ಟಿ, ಕೊಚ್ಚಿಬಂದು ಕೆರೆಯ ತಳದಲ್ಲಿ ಕೂರುತ್ತವೆಂಬುದು ಅದರ ತತ್ತ್ವ. ಇಲ್ಲಿಯೂ ಪ್ರತಿವಾದಿಗೆ ಕೆಲಸವುಂಟು: ಕಾಡು ಸುಟ್ಟರೂ ಮಣ್ಣಿಗೆ ಆ ಗುಣ ಹೆಚ್ಚುತ್ತದೆ; ಹೊಸದಾಗಿ ಹೊಲ ಹೂಡಿದರೂ ಮಣ್ಣು ಕೊಚ್ಚಿಬರುತ್ತದೆ. ಕಾರವಾರದಾಚೆಯ ಕಡಲ ತಳದ ಕೆಸರಿನಲ್ಲಿ ದೊರೆತ ಪರಾಗದಿಂದ, ಸುಮಾರು 3500 ವರ್ಷಗಳಿಂದೀಚೆಗೆ ತೇವ ಕಡಿಮೆಯಾಯಿತೆಂದು 1994ರಲ್ಲಿ ಊಹಿಸಿದಾಗಲೂ ಕೊಡಲಿಯ ಪಾತ್ರವೆಷ್ಟೆಂದು ಕೇಳಬೇಕಾಯಿತು. ವಿಜ್ಞಾನಿಗಳು ಈ ಪ್ರಶ್ನೆಗಳನ್ನು ತಾವೇ ಕೇಳಿಕೊಂಡು, ಒಂದು ಲಕ್ಷಣಕ್ಕೆ ಬದಲಾಗಿ ಹಲವನ್ನು ಕೂಡಿಸಿ ನೋಡುತ್ತಾರೆ. ನೊರೆ, ಎಲೆ, ಕಟ್ಟಿಗೆಗಳನ್ನು ನೋಡೆಂದ ನೈಯಾಯಿಕನ ಮಾರ್ಗವೂ ಇದೇ.

ಸಾಕ್ಷಿಗಳೆಲ್ಲರೂ ಏಕಕಂಠದಿಂದ ನುಡಿದ ಒಂದು ಬರವುಂಟು, 1876ರಿಂದ 78ರ ವರೆಗಿನದು. ಏಷ್ಯಾಖಂಡದ ಮುನ್ನೂರಕ್ಕೂ ಹೆಚ್ಚು ಸ್ಥಳಗಳ ಮರಗಳ ಬೆಳವಣಿಗೆಯ ಉಂಗುರಗಳನ್ನು ಕೂಡಿಸಿ 2010ರಲ್ಲಿ ಪ್ರಕಟಿಸಿದ ನಕ್ಷೆಗಳಲ್ಲಿ ಅದು ಎದ್ದು ಕಾಣುತ್ತದೆ. ಸರ್ಕಾರದ ಕಾಗದಗಳಲ್ಲಿಯೂ ಇದೆ. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರ ಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲಿದ್ದುದು 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಆದರೆ ಮರದ ಉಂಗುರವು ಮಳೆ ಬರಲಿಲ್ಲವೆಂದಷ್ಟೇ ಹೇಳಬಲ್ಲುದು. ಅದೇ ವರ್ಷಗಳಲ್ಲಿ ಇಂಡಿಯದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿಯು ಸಾಗುತ್ತಲೇ ಇತ್ತೆಂಬುದನ್ನು ಅದು ಹೇಳಲಾರದು. ಮಳೆಯಿಲ್ಲದಿರುವುದು ಬೇರೆ, ಉಣ್ಣಲಿಲ್ಲದಿರುವುದು ಬೇರೆ. ಮೊದಲನೆಯದನ್ನು ಗವಿಯ ಕಲ್ಲನ್ನು ಕೇಳಿರಿ. ಎರಡನೆಯದನ್ನು ಉಗ್ರಾಣದ ಲೆಕ್ಕವನ್ನೇ ಕೇಳಬೇಕು.

ಆ ಲೆಕ್ಕಗಳು ಎಲ್ಲಿವೆ? ನಮ್ಮ ನಾಡಿನ ಮಠಗಳಲ್ಲಿವೆ. ಇದೇ ಕಾರಣದಿಂದ ಈ ವಿಷಯವನ್ನು ಈ ಸಭೆಗೆ ತಂದೆನು. ದಾಸೋಹಕ್ಕೆ ದಿನಕ್ಕೆ ಎಷ್ಟು ಕೊಳಗ ಜೋಳ ಖರ್ಚಾಯಿತು, ಹಗೇವು ಯಾವ ತಿಂಗಳಲ್ಲಿ ತೆಗೆದರು, ಯಾವ ಊರಿನ ಗುತ್ತಿಗೆ ಬಾಕಿ ಬಿಟ್ಟರು, ಜೋಳದ ಧಾರಣೆ ಏನಿತ್ತು ಎಂದು ಕಾರಭಾರಿಗಳು ಖಿರ್ದಿಗಳಲ್ಲಿ ಬರೆಯುತ್ತಿದ್ದರು. ಇವನ್ನು ಬರೆದವರಿಗೆ ಹವಾಮಾನದ ಚರಿತ್ರೆಯ ಕಲ್ಪನೆಯೇ ಇರಲಿಲ್ಲ. ಆದುದರಿಂದಲೇ ಅವರ ಬರಹದಲ್ಲಿ ಪಕ್ಷಪಾತವು ಕಡಿಮೆ. ತಾಮ್ರಶಾಸನಗಳನ್ನು ರೇಷ್ಮೆಯಲ್ಲಿ ಸುತ್ತಿಟ್ಟು ಈ ಖಿರ್ದಿಗಳನ್ನು ರದ್ದಿಗೆ ಹಾಕುವ ರೂಢಿಯು ಹಲವೆಡೆ ಇರುವುದು ವ್ಯಸನಕರವಾದ ಸಂಗತಿ.

ಶ್ರೀಗಳವರಲ್ಲಿ ನನ್ನ ಅರಿಕೆಯಿಷ್ಟೆ. ಮಹೋತ್ಸವದ ನೆನಪಿಗಾಗಿ ಕಟ್ಟುವ ಕಟ್ಟಡಗಳ ಜೊತೆಗೆ ಈ ಖಿರ್ದಿಗಳಿಗೂ ಒಂದು ಒಣ ಕೋಣೆ ದೊರೆಯಲಿ. ಕಟ್ಟುಗಳನ್ನು ಬಿಚ್ಚುವಾಗ ಪುಟಗಳ ಕ್ರಮವನ್ನು ಕೆಡಿಸಬಾರದು. ಗೆದ್ದಲು ತಿಂದ ಹಾಳೆಯನ್ನೂ ಎಸೆಯಬಾರದು. ಒಂದು ವರ್ಷ ದಾಸೋಹದ ಜೋಳ ಇಮ್ಮಡಿಯಾಗಿದ್ದರೆ ಅದು ಬರದ ವರ್ಷವೆಂದು ಥಟ್ಟನೆ ಬರೆಯಬಾರದು. ಆ ವರ್ಷ ಪಟ್ಟಾಧಿಕಾರ ನಡೆಯಿತೋ, ಜಾತ್ರೆಗೆ ಹೆಚ್ಚು ಜನ ಬಂದರೋ ಎಂದು ಅದೇ ಖಿರ್ದಿಯ ಹಿಂದಿನ ಮುಂದಿನ ಪುಟಗಳಲ್ಲಿ ನೋಡಿಕೊಳ್ಳಬೇಕು.