ಸುಮ್ಮನೆ ಕುಳಿತ ಮಗು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮ ಹೆಸರನ್ನು ಬಾಯಿ ತೆರೆಯದೆ ಮನಸ್ಸಿನಲ್ಲೇ ಹೇಳಿಕೊಳ್ಳಿ. ಈಗ ಕಣ್ಣು ಮುಚ್ಚಿ ದುರ್ಗದ ಕೋಟೆಯ ಓಬವ್ವನ ಕಿಂಡಿಯನ್ನೋ ಹಿರಿಯೂರಿನ ವಾಣಿವಿಲಾಸ ಸಾಗರವನ್ನೋ ನೆನೆಯಿರಿ. ಕಂಡಿತೇ? ಕೆಲವರಿಗೆ ಚಿತ್ರ ಮೂಡುವುದೇ ಇಲ್ಲ, ಅದು ಕಾಯಿಲೆಯಲ್ಲ.

ನೀವು ಸುಮ್ಮನಿದ್ದಿರಿ, ಮೆದುಳು ಸುಮ್ಮನಿರಲಿಲ್ಲ. ಮಾತಿಗೆ ನೆರವಾಗುವ ಎಡಭಾಗದ ಬ್ರೋಕಾ ಪ್ರದೇಶ ಮನದ ಮಾತಿಗೂ ಚುರುಕಾಗುತ್ತದೆ. ಚಿತ್ರ ನೆನೆದಾಗ ನೋಟಕ್ಕೆ ಸಂಬಂಧಿಸಿದ ಭಾಗಗಳು ಕೆಲಸಕ್ಕಿಳಿಯುತ್ತವೆ. ಈ ಮೌನದ ಮಾತನ್ನು ಇಇಜಿ ಯಂತ್ರದಿಂದ ಗುರುತಿಸುವ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಜಿ. ರಾಮಕೃಷ್ಣನ್ ಮತ್ತು ಅವರ ಸಂಗಡಿಗರು ಸಂಶೋಧನೆ ಮಾಡಿದ್ದಾರೆ. ನಮ್ಮ ಜಿಲ್ಲೆಯ ಕುದಾಪುರದಲ್ಲಿ ಆವರಣವಿರುವುದು ಇದೇ ಸಂಸ್ಥೆಯದು. ತಲೆಬುರುಡೆಯ ಹೊರಗೆ ಸಿಗುವ ಸಂಕೇತ ಬಹಳ ಕ್ಷೀಣ. 2025ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ತಂಡ ಲಕ್ವ ಮುಂತಾದ ಕಾಯಿಲೆಗಳಿಂದ ಮಾತು ಕುಂದಿದವರ ಮೆದುಳಿನಲ್ಲೇ ಎಲೆಕ್ಟ್ರೋಡ್ ಇಟ್ಟು ಮನದ ವಾಕ್ಯಗಳನ್ನು ಓದಿತು. ಗುಪ್ತಪದವನ್ನು ಮನದಲ್ಲಿ ಹೇಳಿಕೊಂಡರೆ ಮಾತ್ರ ಯಂತ್ರ ಓದಲು ತೊಡಗುವಂತೆ ಬೀಗವನ್ನೂ ಹಾಕಿ ನೋಡಿದರು. ನನಗೆ ಹೆಚ್ಚು ಹಿಡಿಸಿದ್ದು ಆ ಬೀಗ!

ನಮ್ಮ ತರಗತಿಗೆ ಬರೋಣ. ನಮ್ಮ ಮಕ್ಕಳಿಗೆ ಮನೆಯಲ್ಲಿ ದಖನಿ, ಪುಸ್ತಕದಲ್ಲಿ ಉರ್ದು, ಬಸ್ಸು-ಬಜಾರಿನಲ್ಲಿ ಕನ್ನಡ. ಕನ್ನಡದ ಪ್ರಶ್ನೆಗೆ ಥಟ್ಟನೆ ಉತ್ತರ ಬಾರದಿದ್ದರೆ 'ದಡ್ಡ' ಎಂದು ಕೂರಿಸಿಬಿಡುತ್ತೇವೆ. ಉರ್ದುವಿನಲ್ಲಿ 'ಕಿತಾಬ್' ಸ್ತ್ರೀಲಿಂಗ, ಕನ್ನಡದಲ್ಲಿ 'ಪುಸ್ತಕ' ನಪುಂಸಕಲಿಂಗ. 'ಕಿತಾಬ್ ಗಿರೀ' ಎಂದು ಮನದಲ್ಲಿ ಮೂಡಿದ್ದನ್ನು 'ಪುಸ್ತಕ ಬಿದ್ದಳು' ಎನ್ನದೆ 'ಬಿತ್ತು' ಎಂದು ತಿದ್ದಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಮುಂದಿನ ಬೆಂಚಿಗೆ ಹೋಗಿರುತ್ತಾರೆ. ಝುಹರ್, ಅಸರ್ ನಮಾಜಿನಲ್ಲಿ ಇಮಾಮರ ಕಿರಾಅತ್ ನಮಗೆ ಕೇಳಿಸುವುದಿಲ್ಲ. ಅಷ್ಟಕ್ಕೆ ಅವರು ಓದಲಿಲ್ಲ ಎನ್ನುತ್ತೇವೆಯೇ?

ಹೊಸದುರ್ಗ, ಹೊಳಲ್ಕೆರೆಗಳಿಂದ ಬಂದ ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ಪ್ರಶ್ನೆ ಕೇಳಿದ ಮೇಲೆ ಮನದಲ್ಲೇ ಹತ್ತು ಎಣಿಸಿ, ಆಮೇಲೆ ಬೇರೆ ಮಗುವನ್ನು ಎಬ್ಬಿಸಿ.

ವಿದ್ಯಾರ್ಥಿಗಳೇ, ಇದನ್ನೇ ನೆಪ ಮಾಡಿಕೊಂಡು 'ಮನಸ್ಸಿನಲ್ಲೇ ಓದಿದೆ' ಎಂದು ಪುಸ್ತಕ ಮಡಚಬೇಡಿ! 1995ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪಿಯಾನೋ ಪಾಠವನ್ನು ಐದು ದಿನ ಬರೀ ಮನದಲ್ಲಿ ಅಭ್ಯಾಸ ಮಾಡಿದವರ ಮೆದುಳಿನಲ್ಲೂ ಬದಲಾವಣೆ ಕಂಡಿತು. ಆದರೆ ನುಡಿಸುವುದರಲ್ಲಿ ಬೆರಳಾಡಿಸಿದವರೇ ಮುಂದಿದ್ದರು.