ಅಡ್ಡ ಬಂದದ್ದು ಯಾರು?

(ರಾಮನಗರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಹಾಸ್ಟೆಲಿನ ನೀರು ಸಾರು, ತಡವಾಗಿ ಬರುವ ಸ್ಕಾಲರ್‌ಶಿಪ್ಪು, ಇವುಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಅವನ್ನೂ ಮಾತಾಡೋಣ. ಆದರೆ ಇವತ್ತು ನಾವು ರಸ್ತೆಯ ಬಗ್ಗೆ ಹೇಳಬೇಕು ಅಂತ ಬಂದಿದ್ದೀವಿ. ರಸ್ತೆಗೂ ದಲಿತ ಚಳವಳಿಗೂ ಏನು ಸಂಬಂಧ ಅಂತ ಹಿಂದೆ ಕೂತವರು ನಗಬಹುದು. ನಗಿ. ಆಮೇಲೆ ಕೇಳಿ.

ನಮ್ಮ ಜೊತೆ ಓದಿದ ಒಬ್ಬ ಹುಡುಗನ ಅವ್ವ ಸಂಜೆ ಹುಲ್ಲಿನ ಹೊರೆ ಹೊತ್ತು ಕೇರಿಗೆ ವಾಪಸು ಬರುವಾಗ ಕಾರು ಗುದ್ದಿ ಸತ್ತಳು. ಹೊಲ ರಸ್ತೆಯ ಆಚೆ, ಕೇರಿ ಈಚೆ. ಅಲ್ಲಿ ದೀಪವಿಲ್ಲ, ಹಂಪಿಲ್ಲ, ದಾಟಲು ಪಟ್ಟೆ ಎಳೆದಿಲ್ಲ. ಊರಬಾಗಿಲವರೆಗೆ ಬಂದ ದೀಪದ ಕಂಬ ಅಲ್ಲೇ ನಿಂತಿತ್ತು. ಕಾಗದಪತ್ರಕ್ಕಾಗಿ ನಾವು ಅವನ ಜೊತೆ ಅಲೆದೆವು. ಕೊನೆಗೆ ಕೈಗೆ ಬಂದ ಹಾಳೆಯಲ್ಲಿ ಬರೆದಿತ್ತು: ಹೆಂಗಸು ದಿಢೀರನೆ ವಾಹನಕ್ಕೆ ಅಡ್ಡ ಬಂದಳು.

ಅವನು ಅದನ್ನು ಎರಡು ಸಲ ಓದಿದ. ನಾವು ಯಾರೂ ಮಾತಾಡಲಿಲ್ಲ.

ಆ ಕಾಲುದಾರಿಯನ್ನು ಅವಳ ಅತ್ತೆ ತುಳಿದಿದ್ದಳು, ಅತ್ತೆಯ ಅತ್ತೆಯೂ ತುಳಿದಿದ್ದಳು. ಮೊದಲು ಇದ್ದದ್ದು ಆ ದಾರಿ. ಟಾರು ಆಮೇಲೆ ಬಂತು. ಹಾಗಾದರೆ ಅಡ್ಡ ಬಂದದ್ದು ಅವ್ವನೋ, ರಸ್ತೆಯೋ?

ಬಾಬಾಸಾಹೇಬರು ರಸ್ತೆಯಲ್ಲಿ ಬಿದ್ದು ಕಾಲು ಮುರಿದುಕೊಂಡ ಕತೆ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1929ರಲ್ಲಿ, ಚಾಳೀಸ್‌ಗಾಂವ್‌ನಲ್ಲಿ ನಡೆದದ್ದು. ಸ್ಟೇಷನ್ನಿನಿಂದ ಮಹಾರರ ಕೇರಿಗೆ ಹೋಗಬೇಕಿತ್ತು. ಟಾಂಗಾದವರು ಯಾರೂ ಅವರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಕೊನೆಗೆ ಗಾಡಿ ಮಾತ್ರ ಕೊಡ್ತೀವಿ, ನಾವು ಓಡಿಸಲ್ಲ ಅಂದರು. ಓಡಿಸಿ ಅಭ್ಯಾಸವೇ ಇಲ್ಲದ ಕೇರಿಯವನೊಬ್ಬ ಲಗಾಮು ಹಿಡಿದ. ಹೊಳೆಯ ಮೋರಿ ದಾಟುವಾಗ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿತು. ಬಾಬಾಸಾಹೇಬರು ಎಸೆದಂತೆ ಕಲ್ಲಿನ ಮೇಲೆ ಬಿದ್ದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಆವತ್ತು ಯಾರಾದರೂ ಮಹಜರು ಬರೆದಿದ್ದರೆ ಏನು ಬರೆಯುತ್ತಿದ್ದರು? ಓಡಿಸುವವನಿಗೆ ಅನುಭವ ಸಾಲದು ಅಂತ. ಅಸ್ಪೃಶ್ಯತೆ ಅಂತ ಯಾರೂ ಬರೆಯುತ್ತಿರಲಿಲ್ಲ.

ಈಗ ನಮ್ಮ ನಾಲ್ಕು ತಾಲ್ಲೂಕಿಗೆ ಬನ್ನಿ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿಸಿ ರಾಮನಗರ ಜಿಲ್ಲೆ ಅಂದರು. 2025ರಲ್ಲಿ ಬೆಂಗಳೂರು ದಕ್ಷಿಣ ಅಂದರು. ಬೋರ್ಡು ಬರೆಯುವವನಿಗೆ ಕೆಲಸ ಸಿಕ್ಕಿತು, ಸಂತೋಷ. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟಿಸಿದರು. ಉದ್ದ 118 ಕಿಲೋಮೀಟರು, ಖರ್ಚು ಸುಮಾರು 8,480 ಕೋಟಿ. ನಡುವೆ ಆರು ಪಥ, ಎರಡೂ ಬದಿಗೆ ಸರ್ವೀಸ್ ರಸ್ತೆ. ಆ ವರ್ಷದ ಮೊದಲ ಏಳು ತಿಂಗಳಲ್ಲೇ ಆ ಹೆದ್ದಾರಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನಗಾಡಿ ನಡುರಸ್ತೆಗೆ ಹತ್ತಬಾರದು ಅಂತ ಆಯಿತು. ಇದನ್ನು ನಾವು ತಪ್ಪು ಅನ್ನೋದಿಲ್ಲ. ನೂರರ ವೇಗದ ಕಾರಿನ ಪಕ್ಕ ಟಿವಿಎಸ್ ಓಡಿಸಿ ಯಾರೂ ಸಾಯಬೇಕಾಗಿಲ್ಲ. ನಾವು ಕೇಳೋದು ಇಷ್ಟೇ: ಕೆಳಗಿಳಿಸಿದ ಮೇಲೆ ಕೆಳಗಿನ ದಾರಿ ನೋಡಿದವರು ಯಾರು? ಗೂಡಿನ ಚೀಲ ಕಟ್ಟಿಕೊಂಡು ರೇಷ್ಮೆ ಮಾರುಕಟ್ಟೆಗೆ ಬರುವವನು, ಬೊಂಬೆ ಕೆಲಸ ಮುಗಿಸಿ ಕತ್ತಲಲ್ಲಿ ನಡೆದು ಹೋಗುವವಳು ಎಲ್ಲಿ ದಾಟಬೇಕು? ಕನಕಪುರ, ಮಾಗಡಿ ಕಡೆ ಹೆದ್ದಾರಿಯ ಹೆಸರು ಅಷ್ಟು ದೊಡ್ಡದಲ್ಲ, ಕಲ್ಲಿನ ಲಾರಿ ದೊಡ್ಡದು. ಅಲ್ಲಿ ಬಸ್ಸಿಗೆ ಕಾಯುವ ಹುಡುಗಿಯರು ಮಣ್ಣಿನ ಅಂಚಿನಲ್ಲೇ ನಿಲ್ಲುತ್ತಾರೆ.

ಸರ್ಕಾರದ್ದೇ ಲೆಕ್ಕ ಹೇಳ್ತೀವಿ. 2022ರಲ್ಲಿ ಇಂಡಿಯಾದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಎರಡು ಚಕ್ರದ ಗಾಡಿಯವರು 74,897, ನಡೆದು ಹೋಗುತ್ತಿದ್ದವರು 32,825. ಅಂದರೆ ನೂರಕ್ಕೆ 64 ಜನ ಇವರೇ. ಈ ಪುಸ್ತಕದಲ್ಲಿ ವಯಸ್ಸಿನ ಕಾಲಂ ಇದೆ, ಹೆಲ್ಮೆಟ್ಟಿನ ಕಾಲಂ ಇದೆ. ಜಾತಿಯ ಕಾಲಂ ಇಲ್ಲ, ಕೇರಿಯ ಕಾಲಂ ಇಲ್ಲ. ಅದನ್ನು ನಾವೇ ತುಂಬಬೇಕು.

ಹೇಗೆ ಅಂತೀರಾ? ಇಲ್ಲಿ ಸ್ವಲ್ಪ ಕಾನೂನು ಓದಬೇಕಾಗುತ್ತೆ, ಬೇಸರ ಮಾಡ್ಕೋಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಅಂತ ಒಂದು ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿಯಾದ ಮಟ್ಟ ಪಾಲಿಸದೆ ಜನ ಸತ್ತರೆ ಅಥವಾ ಅಂಗವಿಕಲರಾದರೆ ಅಧಿಕಾರಿ, ಕಂಟ್ರಾಕ್ಟರ್, ಸಲಹೆಗಾರ ಹೊಣೆ ಅಂತ ಅದು ಹೇಳುತ್ತೆ. ದಂಡ ಹೆಚ್ಚೆಂದರೆ ಒಂದು ಲಕ್ಷ. ಸಾವಿರಾರು ಕೋಟಿಯ ಕೆಲಸಕ್ಕೆ ಒಂದು ಲಕ್ಷದ ಭಯ! ಆದರೂ ಅದರೊಳಗೆ ನಮಗೆ ಬೇಕಾದ ಒಂದು ಮಾತಿದೆ. ಆ ಜಾಗ ಅಪಾಯಕಾರಿ ಅಂತ ಅವರಿಗೆ ಗೊತ್ತಿತ್ತೇ, ಗೊತ್ತಿರಬೇಕಿತ್ತೇ ಎಂಬುದನ್ನು ಕೋರ್ಟು ನೋಡಬೇಕು.

ಗೊತ್ತಿರಲಿಲ್ಲ ಅಂತಲೇ ಅಲ್ಲವೇ ಇವರು ಯಾವಾಗಲೂ ಹೇಳೋದು? ಆದ್ದರಿಂದ ಗೊತ್ತು ಮಾಡೋಣ. ಬಾಯಲ್ಲಿ ಅಲ್ಲ, ಕಾಗದದಲ್ಲಿ, ತಾರೀಖು ಹಾಕಿ. ಸ್ವೀಕೃತಿಯ ಮೊಹರು ಒತ್ತಿಸಿಕೊಂಡ ಪ್ರತಿ ನಮ್ಮ ಟ್ರಂಕಿನಲ್ಲಿರಬೇಕು. ಆಮೇಲೆ ಅಲ್ಲಿ ಒಬ್ಬರು ಬಿದ್ದರೂ "ಅಡ್ಡ ಬಂದಳು" ಅಂತ ಬರೆದು ಕೈತೊಳೆದುಕೊಳ್ಳೋದು ಅಷ್ಟು ಸುಲಭ ಆಗೋದಿಲ್ಲ.

ಕೊಡೋದು ಯಾರಿಗೆ? ಇಲ್ಲೇ ನಮ್ಮವರು ಸೋಲೋದು. ಪುರಸಭೆಗೆ ಹೋದರೆ ಇದು ನಮ್ಮ ರಸ್ತೆಯಲ್ಲ ಅಂತಾರೆ, ಅಲ್ಲಿಗೆ ಹೋದರೆ ಇಲ್ಲಿಗೆ ಕಳಿಸ್ತಾರೆ. ಪೇಟೆಯ ಒಳಬೀದಿ ಆದರೆ ರಾಮನಗರ, ಚನ್ನಪಟ್ಟಣ, ಕನಕಪುರದಲ್ಲಿ ನಗರಸಭೆ, ಮಾಗಡಿಯಲ್ಲಿ ಪುರಸಭೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ. ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಮೈಸೂರಿನ ದೊಡ್ಡ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. ಇವರೆಲ್ಲರನ್ನೂ ಒಂದು ಮೇಜಿಗೆ ಕೂರಿಸಲು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ, ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಎಲ್ಲ ಅರ್ಜಿಯ ಒಂದು ಪ್ರತಿ ಅಲ್ಲಿಗೆ ಹೋಗಲೇಬೇಕು.

ಇನ್ನೊಂದು ಮಾತು. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಪರಿಹಾರ ಉಂಟು. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಕೇರಿಯಲ್ಲಿ ಇದು ಗೊತ್ತಿಲ್ಲದೆ ಸುಮ್ಮನಾದ ಮನೆಗಳಿವೆ. ರಜಕ್ಕೆ ಹೋದಾಗ ಕೇಳಿ ನೋಡಿ.

ಈಗ ಕೆಲಸ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಈ ಹಾಸ್ಟೆಲ್ ಗೇಟಿನ ಹತ್ತಿರ ಸೇರೋಣ. ಒಂದು ನೋಟ್‌ಬುಕ್ಕು, ಅಳೆಯಲು ಹಗ್ಗ ತನ್ನಿ. ನಿಮ್ಮ ಕೇರಿಯಿಂದ ಹೊಲಕ್ಕೆ, ಸ್ಕೂಲಿಗೆ, ಮಸಣಕ್ಕೆ, ನೀರಿಗೆ ಎಲ್ಲಿ ರಸ್ತೆ ದಾಟುತ್ತಾರೆ, ಕೊನೆಯ ದೀಪದ ಕಂಬದಿಂದ ಅದು ಎಷ್ಟು ಮಾರು, ಅಲ್ಲಿ ಯಾರು ಯಾರು ಬಿದ್ದರು, ಯಾವ ವರ್ಷ, ಎಲ್ಲ ಬರೆಯೋಣ. ಅಜ್ಜಿಯರನ್ನು ಕೇಳಿ, ಅವರಿಗೆ ಎಲ್ಲ ನೆನಪಿರುತ್ತೆ. ಹುಡುಗಿಯರ ಹಾಸ್ಟೆಲಿನವರು ಬಸ್‌ಸ್ಟಾಪಿನ ಪಟ್ಟಿ ಬೇರೆ ಮಾಡಿ, ನಮಗೆ ಕಾಣದ್ದು ನಿಮಗೆ ಕಾಣುತ್ತೆ. ಆ ಅವ್ವ ಬಿದ್ದ ಜಾಗದಿಂದ ಶುರು ಮಾಡ್ತೀವಿ. ಅವಳ ಮಗನೂ ಬರ್ತೀನಿ ಅಂದಿದ್ದಾನೆ.

ಜೈ ಭೀಮ್.