‘ಅಯ್ಯೋ ಪಾಪ’ ಎನ್ನಿಸದ ಪುಸ್ತಕ



ಕಿಂದರಿಜೋಗಿಯಿಂದ ಶುರು ಮಾಡುತ್ತೇನೆ. ಕನ್ನಡ ಶಾಲೆಯಲ್ಲಿ ಓದಿದವರಲ್ಲಿ ಅನೇಕರು ವಾರ್ಷಿಕೋತ್ಸವದಲ್ಲಿ ಒಮ್ಮೆಯಾದರೂ ಬೊಮ್ಮನಹಳ್ಳಿಯ ಇಲಿಯೋ, ಊರ ಗೌಡನೋ, ಜೋಗಿಯ ಬೆನ್ನು ಹತ್ತಿ ಓಡುವ ಮಗುವೋ ಆಗಿರುತ್ತೀರಿ. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಜರ್ಮನಿಯ ಊರೊಂದರ ಕಥೆಯನ್ನು ಕುವೆಂಪು ನಮ್ಮ ನೆಲಕ್ಕೆ ತಂದು ನೆಟ್ಟರು. ಅದು ಎಷ್ಟು ಚೆನ್ನಾಗಿ ಬೇರು ಬಿಟ್ಟಿತೆಂದರೆ ಹೊರಗಿನಿಂದ ಬಂದದ್ದು ಎಂಬುದೇ ನಮಗೆ ಮರೆತುಹೋಗಿದೆ. ಆ ಕಥೆಯಲ್ಲಿ ಒಬ್ಬ ಕುಂಟ ಹುಡುಗನಿದ್ದಾನೆ. ಊರಿನ ಮಕ್ಕಳೆಲ್ಲ ಕುಣಿಯುತ್ತ ಬೆಟ್ಟದೊಳಗೆ ಹೋಗುತ್ತಾರೆ, ಓಡಲಾರದ ಇವನೊಬ್ಬ ಹೊರಗೇ ಉಳಿಯುತ್ತಾನೆ.

1990ರ ದಶಕದಲ್ಲಿ ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ಈ ನಾಟಕ ಆಡಿಸಿದೆವು. ಕುಂಟನ ಪಾತ್ರಕ್ಕೆ ಓಟದಲ್ಲಿ ಬಹುಮಾನ ಗೆದ್ದಿದ್ದ ಹುಡುಗನನ್ನು ಆರಿಸಿದೆವು. ಅವನು ಮೂರು ವಾರ ಕುಂಟುವುದನ್ನು ಅಭ್ಯಾಸ ಮಾಡಿದ. ನಾಟಕದ ದಿನ ಮುಂದಿನ ಸಾಲಿನಲ್ಲಿ, ಎರಡೂ ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡ ಐದನೇ ತರಗತಿಯ ಹುಡುಗನೊಬ್ಬ ಕೂತಿದ್ದ. ಪೋಲಿಯೊ ಆದ ಮಗು. ಅವನಿಗೆ ಪಾತ್ರ ಕೊಡುವ ಮಾತು ಸಿಬ್ಬಂದಿ ಕೋಣೆಯಲ್ಲಿ ಬಂದಿತ್ತು. ‘ಪಾಪ, ಅವನ ಮನಸ್ಸಿಗೆ ನೋವಾಗುತ್ತದೆ, ಬೇಡ’ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದೆವು. ಆ ‘ಎಲ್ಲರೂ’ ಎಂಬುದರಲ್ಲಿ ನಾನೂ ಇದ್ದೆ. ನಾಟಕ ಮುಗಿದ ಮೇಲೆ ಅವನು ನನ್ನ ಹತ್ತಿರ ಬಂದು ಹೇಳಿದ್ದು ಒಂದೇ ಮಾತು: ‘ಟೀಚರ್, ಅವನು ಕೋಲನ್ನು ತಪ್ಪು ಕೈಯಲ್ಲಿ ಹಿಡಿದಿದ್ದ.’

ಬಲಗಾಲು ಸೋತವರು ಕೋಲನ್ನು ಎಡಗೈಯಲ್ಲಿ ಹಿಡಿಯಬೇಕು. ಆಗ ಭಾರ ಕೋಲಿನ ಮೇಲೆ ಬಿದ್ದು ಕಾಲು ಹಗುರಾಗುತ್ತದೆ. ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಅಂದಿನಿಂದ ಮಕ್ಕಳ ಪುಸ್ತಕ ಕೈಗೆತ್ತಿಕೊಂಡಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ. ಇದನ್ನು ಬರೆದವರಿಗೆ, ಇದರ ಚಿತ್ರ ಬಿಡಿಸಿದವರಿಗೆ ಕೋಲು ಯಾವ ಕೈಯಲ್ಲಿರಬೇಕು ಎಂದು ಗೊತ್ತಿದೆಯೇ?

‘ಅಯ್ಯೋ ಪಾಪ’ ಎನ್ನುವುದು ನಮ್ಮ ಭಾಷೆಯ ಮೆದುವಾದ ಮಾತು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಹುಟ್ಟಿದಾಗಿನಿಂದ ಆ ಮಾತು ಕೇಳುತ್ತ ಬೆಳೆಯುವ ಮಗುವಿಗೆ ಅದು ಗೋಡೆ. ನಮ್ಮ ಎಷ್ಟೋ ಒಳ್ಳೆಯ ಮನಸ್ಸಿನ ಮಕ್ಕಳ ಕಥೆಗಳು ಈ ಗೋಡೆಗೆ ಒಂದೊಂದು ಇಟ್ಟಿಗೆ ಸೇರಿಸಿವೆ. ನೀವೇ ಪರೀಕ್ಷೆ ಮಾಡಿ ನೋಡಬಹುದು. ಒಂದು ಪೆನ್ಸಿಲ್ ಹಿಡಿದು, ಕಥೆಯಲ್ಲಿ ‘ಪಾಪ’ ಎನ್ನಿಸುವ ಮಗುವಿನ ಪಾಲಿಗೆ ಬಂದ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ಕುಳಿತಿದ್ದಳು, ನೋಡುತ್ತಿದ್ದಳು, ಅತ್ತಳು, ಪಡೆದಳು, ಧನ್ಯವಾದ ಹೇಳಿದಳು. ಪಕ್ಕದಲ್ಲಿರುವ ಸ್ಥಿತಿವಂತರ ಮಗುವಿಗೆ ಬೇರೆಯದೇ ಪಾಲು: ಓಡಿ ಬಂದಳು, ಕೊಟ್ಟಳು, ಕಾಪಾಡಿದಳು. ಇಂಥ ಕಥೆ ದಯೆಯನ್ನು ಕಲಿಸುತ್ತದೆ, ನಿಜ. ಆದರೆ ಯಾರು ಕೊಡುವವರು, ಯಾರು ಕೈಯೊಡ್ಡುವವರು ಎಂಬುದನ್ನೂ ಅದರ ಜೊತೆಗೇ ಕಲಿಸಿಬಿಡುತ್ತದೆ.

ಇದಕ್ಕೆ ಎದುರಾಗಿ ಇಡಬಹುದಾದ ಒಂದು ಪುಸ್ತಕದ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಜಪಾನಿನ ತೆತ್ಸುಕೊ ಕುರೊಯಾನಗಿ 1981ರಲ್ಲಿ ಬರೆದ ‘ತೊತ್ತೋ-ಚಾನ್’. ನ್ಯಾಷನಲ್ ಬುಕ್ ಟ್ರಸ್ಟ್ ಅದನ್ನು ಕನ್ನಡಕ್ಕೂ ತಂದಿದೆ. ಮೊದಲ ಶಾಲೆಯಿಂದ ಹೊರಹಾಕಿಸಿಕೊಂಡ ತುಂಟ ಹುಡುಗಿಯೊಬ್ಬಳು ತೊಮೋಯೆ ಎಂಬ ಶಾಲೆಗೆ ಸೇರುತ್ತಾಳೆ. ಅದರ ಮುಖ್ಯೋಪಾಧ್ಯಾಯರು ಸೊಸಾಕು ಕೊಬಾಯಾಶಿ. ಬಳಸಿ ಬಿಟ್ಟ ರೈಲು ಬೋಗಿಗಳೇ ಅಲ್ಲಿ ತರಗತಿ. ರೈಲು ಬೋಗಿಯ ಶಾಲೆ ಎಂದು ಎಲ್ಲರಿಗೂ ನೆನಪಿರುತ್ತದೆ. ನನಗೆ ಮಾತ್ರ ಆ ಪುಸ್ತಕದ ಕ್ರೀಡಾದಿನ ನೆನಪಿನಲ್ಲಿ ಉಳಿದಿದೆ.

ತೊಮೋಯೆಯಲ್ಲಿ ತಾಕಾಹಾಶಿ ಎಂಬ ಹುಡುಗನಿದ್ದ. ಅವನ ಬೆಳವಣಿಗೆ ನಿಂತುಹೋಗಿತ್ತು, ಕೈಕಾಲು ಗಿಡ್ಡ. ಬೇರೆ ಶಾಲೆಯಾಗಿದ್ದರೆ ಅವನಿಗೆ ಗೆದ್ದವರಿಗೆ ಚಪ್ಪಾಳೆ ತಟ್ಟುವ ಕೆಲಸ ಕೊಡುತ್ತಿದ್ದರು. ಕೊಬಾಯಾಶಿ ಮೇಷ್ಟ್ರು ಹಾಗೆ ಮಾಡಲಿಲ್ಲ, ಆಟವನ್ನೇ ಬದಲಿಸಿದರು. ಬಟ್ಟೆಯಲ್ಲಿ ಮಾಡಿದ ದೊಡ್ಡ ಮೀನಿನ ಬಾಯಿಂದ ನುಗ್ಗಿ ಬಾಲದಿಂದ ಹೊರಬರುವ ಒಂದು ಆಟ. ಉದ್ದ ಕೈಕಾಲಿನವರು ಒಳಗೆ ಸಿಕ್ಕಿಕೊಂಡು ಒದ್ದಾಡುವಷ್ಟರಲ್ಲಿ ತಾಕಾಹಾಶಿ ಸರ್ರನೆ ಹೊರಗೆ ಬಂದಿರುತ್ತಿದ್ದ. ಇನ್ನೊಂದು, ಸಭಾಂಗಣದ ಮೆಟ್ಟಿಲು ಹತ್ತಿ ಇಳಿಯುವ ಓಟ. ಮೆಟ್ಟಿಲುಗಳು ಕಿರಿದು, ಒಂದೊಂದನ್ನೂ ಮುಟ್ಟಿಕೊಂಡೇ ಹತ್ತಬೇಕು. ಅಲ್ಲಿಯೂ ಗಿಡ್ಡ ಕಾಲಿನದೇ ಮೇಲುಗೈ. ಅವನೇ ಎಲ್ಲದರಲ್ಲೂ ಮೊದಲು. ಬಹುಮಾನ ಏನು ಗೊತ್ತೇ? ತರಕಾರಿ. ಒಬ್ಬರಿಗೆ ದೊಡ್ಡ ಮೂಲಂಗಿ, ಇನ್ನೊಬ್ಬರಿಗೆ ಒಂದು ಕಟ್ಟು ಸೊಪ್ಪು. ನಿಮ್ಮ ದುಡಿಮೆಯಿಂದ ಗೆದ್ದ ತರಕಾರಿ ಇದು, ಮನೆಯಲ್ಲಿ ಅಡುಗೆ ಮಾಡಿಸಿ ಎಲ್ಲರೂ ಊಟ ಮಾಡಿ ಎಂದು ಮೇಷ್ಟ್ರು ಹೇಳಿ ಕಳಿಸುತ್ತಾರೆ.

ಇಲ್ಲಿ ಯಾರೂ ತಾಕಾಹಾಶಿಯನ್ನು ಗೆಲ್ಲಿಸಲಿಲ್ಲ. ಅವನೇ ಗೆದ್ದ. ಮೀನಿನ ಹೊಟ್ಟೆಯಲ್ಲಿ ತೆವಳಿದ್ದು, ಮೆಟ್ಟಿಲು ಹತ್ತಿದ್ದು, ಮೂಲಂಗಿ ಹೊತ್ತುಕೊಂಡು ಮನೆಗೆ ಹೋದದ್ದು, ಈ ಕ್ರಿಯಾಪದಗಳೆಲ್ಲ ಅವನವು. ಹಿರಿಯರು ಮಾಡಿದ್ದು ಆಟದ ನಿಯಮ ಬದಲಿಸಿದ್ದಷ್ಟೇ. ಎಂಟು ವರ್ಷದ ಮಗುವಿಗೆ ಇದನ್ನು ಓದಿ ಹೇಳಿ ನೋಡಿ. ಅದು ‘ಪಾಪ’ ಎನ್ನುವುದಿಲ್ಲ, ‘ನಮ್ಮ ಶಾಲೆಯಲ್ಲೂ ಮೀನಿನ ಆಟ ಆಡಿಸ್ತಾರಾ?’ ಎಂದು ಕೇಳುತ್ತದೆ.

ಇತ್ತೀಚಿನ ಪುಸ್ತಕಗಳಲ್ಲಿ ಇದೇ ದಾರಿಯವು ಇನ್ನೂ ಇವೆ. ಚೆನ್ನೈನ ತೂಲಿಕಾ ಪ್ರಕಾಶನ 1996ರಿಂದ ಹಲವು ಭಾರತೀಯ ಭಾಷೆಗಳಲ್ಲಿ ಮಕ್ಕಳ ಪುಸ್ತಕ ತರುತ್ತಿದೆ, ಕನ್ನಡವೂ ಅದರಲ್ಲಿ ಸೇರಿದೆ. ಅದು ತಂದ ಝಾಯ್ ವಿಟೇಕರ್ ಅವರ ‘ಕನ್ನಾ ಪನ್ನಾ’ದಲ್ಲಿ ಮನೆಯವರೆಲ್ಲ ಗುಹಾದೇವಾಲಯ ನೋಡಲು ಹೋಗುತ್ತಾರೆ, ಇದ್ದಕ್ಕಿದ್ದಂತೆ ದೀಪ ಆರುತ್ತದೆ. ದೊಡ್ಡವರು ತಬ್ಬಿಬ್ಬಾದಾಗ ಕಣ್ಣು ಕಾಣದ ಹುಡುಗ ಕನ್ನಾ ಅವರನ್ನು ಹೊರಗೆ ಕರೆತರುತ್ತಾನೆ. ಕತ್ತಲು ಅವನಿಗೆ ಹೊಸದಲ್ಲ, ಅಷ್ಟೇ. ತಾರಿಣಿ ವಿಶ್ವನಾಥ್ ಅವರ ಪುಸ್ತಕವೊಂದರಲ್ಲಿ ಗಾಲಿಕುರ್ಚಿಯ ಹುಡುಗಿ ಡಿಪ್ ಡಿಪ್, ಗೆಳತಿಯ ಕಳೆದುಹೋದ ಬೆಕ್ಕನ್ನು ಹುಡುಕಲು ಹೊರಡುತ್ತಾಳೆ. ಅದು ಬೆಕ್ಕಿನ ಕಥೆ, ಗಾಲಿಕುರ್ಚಿಯ ಕಥೆಯಲ್ಲ.

ಈಗ ನಮ್ಮ ಮನೆಯ ಕಥೆಗೆ ಬರೋಣ. ಕಾಗಕ್ಕ ಗುಬ್ಬಕ್ಕ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ಕಾಗಕ್ಕ ಬಂದು ಬಾಗಿಲು ತಟ್ಟಿದರೆ ಗುಬ್ಬಕ್ಕ ‘ತಾಳು, ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ, ತಾಳು, ಮಗುವಿಗೆ ನೀರು ಹಾಕುತ್ತಿದ್ದೇನೆ’ ಎಂದು ಮಳೆಯಲ್ಲೇ ನಿಲ್ಲಿಸುತ್ತಾಳೆ. ನಾನು ಇದನ್ನು ನೂರಾರು ಸಲ ಹೇಳಿದ್ದೇನೆ. ಪ್ರತಿ ಸಲವೂ ಮಕ್ಕಳು ನಕ್ಕಿದ್ದಾರೆ. ಒಮ್ಮೆ ಹಳ್ಳಿಯೊಂದರಲ್ಲಿ ಹೇಳುತ್ತಿದ್ದಾಗ ಒಂದು ಹುಡುಗಿ ನಗಲಿಲ್ಲ. ಹಿಂದಿನ ವರ್ಷದ ಮಳೆಗೆ ಅವರ ಮನೆಯ ಮಣ್ಣಿನ ಗೋಡೆ ಬಿದ್ದಿತ್ತು ಎಂದು ಆಮೇಲೆ ತಿಳಿಯಿತು. ಆ ಮಗು ಕೇಳಿದ ಪ್ರಶ್ನೆ: ‘ಗುಬ್ಬಕ್ಕ ಮೊದಲೇ ಯಾಕೆ ಬಾಗಿಲು ತೆಗೀಲಿಲ್ಲ?’

ಈ ಪ್ರಶ್ನೆ ಬಂತೆಂದು ನಾನು ಕಥೆಯನ್ನು ಬಿಟ್ಟಿಲ್ಲ. ಹಳೆಯ ಕಥೆಗಳನ್ನು ಕಟ್ಟಿ ಅಟ್ಟಕ್ಕೆ ಹಾಕಬೇಕು ಎನ್ನುವವಳು ನಾನಲ್ಲ. ಅವು ನಮ್ಮ ಅಜ್ಜಿಯರ ಆಸ್ತಿ. ಈಗ ನಾನು ಕಥೆಯನ್ನು ಅಲ್ಲಿಯೇ, ಮಳೆಯಲ್ಲಿ ನೆನೆಯುತ್ತಿರುವ ಕಾಗಕ್ಕನ ಬಳಿಯೇ ನಿಲ್ಲಿಸಿ ಆ ಹುಡುಗಿಯ ಪ್ರಶ್ನೆಯನ್ನು ಎಲ್ಲ ಮಕ್ಕಳ ಮುಂದೆ ಇಡುತ್ತೇನೆ. ಅಜ್ಜಿಯ ಕಥೆಗೆ ಅದರಿಂದ ಏನೂ ಮುಕ್ಕಾಗಿಲ್ಲ.

ಇನ್ನೊಂದು ಸಂಗತಿ ಕನ್ನಡದ್ದೇ. ಪುಸ್ತಕದಲ್ಲಿ ಯಾರು ಯಾವ ಕನ್ನಡ ಆಡುತ್ತಾರೆ ಎಂದು ಕಿವಿಗೊಟ್ಟು ಕೇಳಿ. ನಾಯಕನ ಮನೆಯ ಮಗು ‘ಅಮ್ಮಾ, ನನಗೆ ಹಸಿವಾಗುತ್ತಿದೆ’ ಎಂದು ಪಾಠಪುಸ್ತಕದಂತೆ ಮಾತಾಡುತ್ತದೆ. ಆಡುಮಾತು ಬರುವುದು ತೋಟದ ಆಳಿನ ಬಾಯಲ್ಲಿ, ಕಳ್ಳನ ಬಾಯಲ್ಲಿ, ನಗಿಸುವವನ ಬಾಯಲ್ಲಿ. ಧಾರವಾಡದ ಕಡೆಯ ಮಗು ‘ಯವ್ವಾ, ಹಸಿವಾಗೈತಿ’ ಎಂದೇ ಕೇಳಿ ಉಣ್ಣುವುದು. ತನ್ನ ಮಾತನ್ನು ಪುಸ್ತಕದಲ್ಲಿ ಆಳುಕಾಳುಗಳು, ಕಳ್ಳರು ಮಾತ್ರ ಆಡುತ್ತಾರೆ ಎಂದು ಅದಕ್ಕೆ ತಿಳಿಯಲು ಬಹಳ ದಿನ ಬೇಡ. ಕಥೆಯ ಧೀರೆ ಹಟ್ಟಿಯ ಕನ್ನಡದಲ್ಲಿ, ತಾಂಡಾದ ಕನ್ನಡದಲ್ಲಿ ಮಾತಾಡುವ ಪುಸ್ತಕ ಕಂಡರೆ ಎರಡು ಪ್ರತಿ ಕೊಳ್ಳಿ ಎಂದು ನಾನು ಹೇಳುತ್ತೇನೆ.

ಹಾಗೆಯೇ ಊಟ. ನಮ್ಮ ಸರ್ಕಾರಿ ಶಾಲೆಗಳ ಬಿಸಿಯೂಟದ ಸಾಲಿನಲ್ಲಿ ಒಂದು ಮಗು ಮೊಟ್ಟೆ ತೆಗೆದುಕೊಳ್ಳುತ್ತದೆ, ಪಕ್ಕದ ಮಗು ಬಾಳೆಹಣ್ಣು. ಇಬ್ಬರೂ ಒಟ್ಟಿಗೆ ಕೂತು ತಿಂದು ಒಟ್ಟಿಗೆ ಆಡಲು ಓಡುತ್ತಾರೆ. ಇಷ್ಟು ಸಹಜವಾದ ಚಿತ್ರ ನಮ್ಮ ಮಕ್ಕಳ ಪುಸ್ತಕಗಳಲ್ಲಿ ಎಷ್ಟು ಕಡೆ ಇದೆ, ಹುಡುಕಿ ನೋಡಿ. ಮುಸ್ಲಿಂ ಮಗು ಕಥೆಗೆ ಬರಬೇಕಾದರೆ ರಂಜಾನ್ ಬರಬೇಕು, ಇಲ್ಲವೇ ಭಾವೈಕ್ಯದ ನೀತಿ ಬೇಕು. ಕ್ರೈಸ್ತ ಮಗುವಿಗೆ ಡಿಸೆಂಬರ್ ಮಾತ್ರ. ಸಾಮಾನ್ಯ ಮಂಗಳವಾರದ ದಿನ, ಪಕ್ಕದ ಮನೆಯ ಸಲ್ಮಾ ಲೆಕ್ಕ ತಪ್ಪು ಮಾಡಿ ಬೈಸಿಕೊಳ್ಳುವ ಕಥೆ ನನಗೆ ಬೇಕು. ಬರೆಯುವವರಿಗೂ ಇಂಥ ಗೆರೆ ಬೇಡ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಆರಂಭಿಸಿದಾಗ ಕನ್ನಡದ ಮೊದಲ ಪುರಸ್ಕಾರ ಬೊಳುವಾರು ಮಹಮದ್ ಕುಂಞಿ ಅವರಿಗೆ ಸಂದಿತು. ಪುಸ್ತಕ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’. ಯಾರ ಕಥೆಯನ್ನು ಯಾರು ಹೇಳಬಹುದು ಎಂಬ ಸಣ್ಣತನಕ್ಕೆ ಆ ಪುಸ್ತಕದಲ್ಲಿ ಜಾಗವಿಲ್ಲ. ಅದು ಪ್ರತಿ ಮನೆಯಲ್ಲಿರಬೇಕು.

ಕೆಲವು ತಂದೆತಾಯಿಯರು ಕೇಳುತ್ತಾರೆ, ‘ಜಾತಿ, ಬಡತನ, ಇದೆಲ್ಲ ಮಕ್ಕಳಿಗೆ ಈಗಲೇ ಯಾಕೆ ಮೇಡಂ?’ ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಮಗುವಿಗೆ ಅದು ಆಗಲೇ ಗೊತ್ತಿರುತ್ತದೆ. ಯಾರ ಮನೆಗೆ ಆಡಲು ಹೋಗಬಾರದು, ಯಾರಿಗೆ ಬೇರೆ ಲೋಟದಲ್ಲಿ ನೀರು ಕೊಡಬೇಕು ಎಂಬುದನ್ನು ಅದು ಪುಸ್ತಕದಿಂದ ಕಲಿತದ್ದಲ್ಲ. ಸಾಗರ್ ಕೋಲ್ವಣಕರ್ ಅವರ ಚಿತ್ರಪುಸ್ತಕವೊಂದರಲ್ಲಿ ಗುಲಾಬ್ ಎಂಬ ಹುಡುಗಿಯ ಅಪ್ಪ ಚರಂಡಿ ಸ್ವಚ್ಛ ಮಾಡುವವರು. ಶಾಲೆಯ ಮಕ್ಕಳು ‘ನಾತ’ ಎಂದು ಅವಳನ್ನು ಅಣಕಿಸುತ್ತಾರೆ. ಅವಳು ಅಳುತ್ತ ಕೂರುವುದಿಲ್ಲ. ಚರಂಡಿ ಶುಚಿ ಮಾಡುವ ಯಂತ್ರವೊಂದನ್ನು ತಾನೇ ಮಾಡುತ್ತಾಳೆ. ಮನುಷ್ಯರಿಂದ ಮಲ ಎತ್ತಿಸುವುದನ್ನು ನಿಷೇಧಿಸಿ 2013ರಲ್ಲಿ ಕಾನೂನು ಬಂದಮೇಲೂ ಮ್ಯಾನ್‌ಹೋಲ್ ಸಾವಿನ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ನಿಂತಿಲ್ಲ. ಆ ಸುದ್ದಿಯನ್ನು ಓದುವ ಮನೆಯಲ್ಲೇ ಗುಲಾಬಳ ಪುಸ್ತಕವನ್ನೂ ಮಕ್ಕಳ ಜೊತೆ ಕೂತು ಓದಬೇಕು. ಮಗು ಪ್ರಶ್ನೆ ಕೇಳಿದರೆ ಗೊತ್ತಿದ್ದಷ್ಟು ಹೇಳಿ. ಗೊತ್ತಿಲ್ಲದಿದ್ದರೆ ‘ನನಗೂ ಗೊತ್ತಿಲ್ಲ ಮರಿ, ತಿಳಿದುಕೊಳ್ಳೋಣ’ ಎನ್ನಿ.

ದುಡ್ಡಿನ ವಿಚಾರ ಬೇಗ ಮುಗಿಸುತ್ತೇನೆ. ಚಿತ್ರಪುಸ್ತಕ ಕೊಳ್ಳಲು ಆಗದವರು ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳನ್ನು ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಲೂಬಹುದು. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯ ಹನ್ನೆರಡು ಸಂಪುಟ ಮನೆಯಲ್ಲಿದ್ದರೆ ವರ್ಷವಿಡೀ ರಾತ್ರಿಯ ಓದಿಗೆ ಸಾಕು. ಪೆನ್ಸಿಲ್ ಹಿಡಿದು ಕ್ರಿಯಾಪದ ನೋಡುವ ಪರೀಕ್ಷೆಯನ್ನು ಅಲ್ಲಿಯೂ ಮಾಡಿ. ಅನುಪಮಾ ಇದ್ದಿದ್ದರೆ ಅದನ್ನು ಮೆಚ್ಚಿಕೊಳ್ಳುತ್ತಿದ್ದರು ಎಂದು ನಾನು ನಂಬುತ್ತೇನೆ.

ಕೊನೆಗೆ ಒಂದು ಕೆಲಸ ಒಪ್ಪಿಸುತ್ತೇನೆ. ನಮ್ಮ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಈಗ ಈ ಗ್ರಂಥಾಲಯಗಳನ್ನು ಅರಿವು ಕೇಂದ್ರ ಎನ್ನುತ್ತೇವೆ. ಈ ತಿಂಗಳು ನಿಮ್ಮ ಮಗುವನ್ನೋ ಮೊಮ್ಮಗುವನ್ನೋ ಕರೆದುಕೊಂಡು ನಿಮ್ಮ ಊರಿನ ಅರಿವು ಕೇಂದ್ರಕ್ಕೆ ಹೋಗಿ. ಮಕ್ಕಳ ಕಪಾಟನ್ನು ನೋಡಿ. ನಾನು ಹೇಳಿದಂಥ ಪುಸ್ತಕ ಇಲ್ಲದಿದ್ದರೆ ಅಲ್ಲಿನ ಮೇಲ್ವಿಚಾರಕರಿಗೆ ಹೆಸರು ಬರೆದು ಕೊಟ್ಟು ಬನ್ನಿ. ಹೊರಗೆ ಬರುವಾಗ ಬಾಗಿಲ ಬಳಿ ಒಮ್ಮೆ ನಿಂತು ಮೆಟ್ಟಿಲು ಎಣಿಸಿ, ಪಕ್ಕದಲ್ಲಿ ಗಾಲಿಕುರ್ಚಿ ಹತ್ತುವ ಇಳಿಜಾರು ಇದೆಯೇ ನೋಡಿ. ಇಲ್ಲದಿದ್ದರೆ ಪಂಚಾಯತಿಗೆ ಅರ್ಜಿ ಬರೆಯಿರಿ, ನನ್ನ ಸಹಿಯೂ ಅದರಲ್ಲಿರುತ್ತದೆ.